ಅರ್ಥ ಕೆಡದಂತಿದ್ದರೆ

ಹಾರ್ಮೋನಿಯಂ ಇದ್ದರೆ ಒಳ್ಳೆಯದು, ಇಲ್ಲವಾದರೆ ಫೋನಿನಲ್ಲಿರುವ ಪಿಯಾನೊ ಆ್ಯಪ್ ಸಾಕು. ಬಿಳಿ ಒಂದನ್ನು ಷಡ್ಜವೆಂದು ಇಟ್ಟುಕೊಳ್ಳಿ. ಬಲಗೈಯ ಒಂದೇ ಬೆರಳಿನಿಂದ ಪಂಚಮವನ್ನು, ಅಂದರೆ ಬಿಳಿ ಐದನ್ನು, ಒತ್ತಿ ಹಿಡಿಯಿರಿ. ಎಡಗೈಯಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ನುಡಿಸಿ. ಬಲಗೈಯ ಪಂಚಮ ಜಗಲಿಯ ಮೇಲೆ ಕಾಲು ಚಾಚಿ ಕೂತವರ ಹಾಗೆ ನಿಶ್ಚಿಂತೆಯಿಂದಿರುತ್ತದೆ. ಈಗ ಬಲಗೈ ಬೆರಳನ್ನು ಎತ್ತದೆ ಎಡಗೈಯನ್ನು ಮಾತ್ರ ಸಾಧಾರಣ ಗಾಂಧಾರ, ಪಂಚಮ, ಕೈಶಿಕಿ ನಿಷಾದಗಳಿಗೆ ಒಯ್ಯಿರಿ. ಅದೇ ಪಂಚಮ, ಆದರೆ ಕೋಣೆಯ ದೀಪ ಬದಲಾದಂತೆ ಅದರ ಮುಖ ಬೇರೆಯಾಗಿರುತ್ತದೆ. ಇನ್ನೊಮ್ಮೆ ಎಡಗೈಯನ್ನು ಚತುಶ್ರುತಿ ಧೈವತ, ಶುದ್ಧ ರಿಷಭ, ಅಂತರ ಗಾಂಧಾರಗಳ ಮೇಲಿಡಿ. ಈ ಸಲ ಪಂಚಮಕ್ಕೆ ಕೂತಲ್ಲಿ ಕೂರಲಾಗುವುದಿಲ್ಲ. ಕೆಳಗಿನ ಮಧ್ಯಮಕ್ಕೆ ಇಳಿದುಬಿಡಬೇಕೆಂದು ಚಡಪಡಿಸುತ್ತದೆ.

ಬೆರಳು ಕದಲಲಿಲ್ಲ, ಸ್ವರ ಬದಲಾಗಲಿಲ್ಲ. ಅದರ ಕೆಳಗಿನ ನೆಲ ಬದಲಾಯಿತು, ಅಷ್ಟಕ್ಕೇ ಸ್ವರದ ಅರ್ಥ ಬದಲಾಯಿತು. ಹೀಗೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳ ಗುಚ್ಛವನ್ನು ಕೀಬೋರ್ಡ್, ಗಿಟಾರ್ ನುಡಿಸುವವರು ಕಾರ್ಡ್ ಎನ್ನುತ್ತಾರೆ. ಒಂದು ಕಾರ್ಡಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವುದು ಕಾರ್ಡ್ ಸಬ್‌ಸ್ಟಿಟ್ಯೂಷನ್, ಬದಲಿ ಕಾರ್ಡ್.

ಈ ಬದಲಿಯನ್ನು ತಾನೇ ಹುಡುಕಿಕೊಡುವ ಸಾಫ್ಟ್‌ವೇರ್‌ಗಳು ಈಗ ಕಾಲೇಜು ಹುಡುಗರ ಲ್ಯಾಪ್‌ಟಾಪುಗಳಲ್ಲೂ ಇವೆ. ಅವುಗಳಲ್ಲಿ ಹಿರಿಯದು ಬ್ಯಾಂಡ್-ಇನ್-ಎ-ಬಾಕ್ಸ್. ಕೆನಡಾದ ಪೀಟರ್ ಗ್ಯಾನನ್ ಅದನ್ನು 1990ರಲ್ಲಿ ಹೊರತಂದರು, ಇವತ್ತಿಗೂ ಅದು ಬಳಕೆಯಲ್ಲಿದೆ. ಹಾಡಿನ ಕಾರ್ಡುಗಳ ಹೆಸರನ್ನು ಒಂದರ ಪಕ್ಕ ಒಂದು ಟೈಪ್ ಮಾಡಿ ಶೈಲಿಯೊಂದನ್ನು ಆರಿಸಿದರೆ ಬೇಸ್, ಡ್ರಮ್ಸ್, ಪಿಯಾನೊ, ಗಿಟಾರ್ ಎಲ್ಲವೂ ಹಿಂದೆ ಕೂತು ನುಡಿಸತೊಡಗುತ್ತವೆ. ಜೊತೆಗಾರರಿಲ್ಲದೆ ಒಬ್ಬರೇ ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಆಸರೆಯಾಯಿತು. ಬರೆದ ಕಾರ್ಡಿಗೆ ಯಾವ ಯಾವ ಬದಲಿಗಳಿವೆ ಎಂದು ಪಟ್ಟಿ ಕೊಟ್ಟು ನುಡಿಸಿ ಕೇಳಿಸುವ ಸೌಲಭ್ಯವೂ ಅದರಲ್ಲಿ ಸೇರಿತು. ಸ್ಟುಡಿಯೊಗಳಲ್ಲಿ ಬಳಸುವ ಕ್ಯೂಬೇಸ್ 2012ರ ಕೊನೆಯಲ್ಲಿ ಬಂದ ತನ್ನ ಏಳನೆಯ ಆವೃತ್ತಿಯಲ್ಲಿ ಕಾರ್ಡ್ ಟ್ರ್ಯಾಕ್ ತಂದಿತು. ಮುಂದೆ ಯಾವ ಕಾರ್ಡ್ ಬರಬಹುದೆಂದು ಸೂಚಿಸುವ ಅದರ ಸಹಾಯಕನಿಗಿರುವ ಒಂದು ದಾರಿಯ ಹೆಸರೇ ಸಾಮಾನ್ಯ ಸ್ವರಗಳು. ಎರಡು ಕಾರ್ಡುಗಳ ನಡುವೆ ಎಷ್ಟು ಸ್ವರ ಸಮಾನ ಎಂದು ಎಣಿಸಿ ನೆಂಟಸ್ತಿಕೆ ತೀರ್ಮಾನಿಸುವುದು ಅದರ ಕ್ರಮ.

ಒಳಗೆ ನಡೆಯುವ ಲೆಕ್ಕ ಆಶ್ಚರ್ಯವಾಗುವಷ್ಟು ಸರಳ. ಸಪ್ತಕದ ಹನ್ನೆರಡು ಮನೆಗಳಿಗೆ ಸೊನ್ನೆಯಿಂದ ಹನ್ನೊಂದರವರೆಗೆ ಸಂಖ್ಯೆ ಕೊಡಿ. ಬಿಳಿ ಒಂದು, ಅಂದರೆ ಸಿ, ಸೊನ್ನೆಯಾಗುತ್ತದೆ. ಜಿ ಏಳಾಗುತ್ತದೆ. ಜಿ ಸೆವೆನ್ ಎಂಬ ಕಾರ್ಡಿನಲ್ಲಿರುವುದು ಪಂಚಮ, ಕಾಕಲಿ ನಿಷಾದ, ಚತುಶ್ರುತಿ ರಿಷಭ, ಶುದ್ಧ ಮಧ್ಯಮ. ಇದು ಪಾಶ್ಚಾತ್ಯ ಸಂಗೀತದಲ್ಲಿ ಮನೆಗೆ, ಅಂದರೆ ನಾವು ಮೊದಲು ಎಡಗೈಯಲ್ಲಿ ನುಡಿಸಿದ ಸಿ ಮೇಜರಿಗೆ, ಮರಳುವ ಮುನ್ನ ಬರುವ ಕಾರ್ಡು. ಮರಳಬೇಕೆಂಬ ಒತ್ತಡ ಹುಟ್ಟುವುದು ಅದರೊಳಗಿನ ನಿಷಾದ ಮತ್ತು ಮಧ್ಯಮಗಳ ನಡುವೆ. ನಿಷಾದ ಷಡ್ಜಕ್ಕೆ ಹತ್ತಬೇಕೆನ್ನುತ್ತದೆ, ಮಧ್ಯಮ ಗಾಂಧಾರಕ್ಕೆ ಇಳಿಯಬೇಕೆನ್ನುತ್ತದೆ. ಇವೆರಡರ ನಡುವೆ ಸರಿಯಾಗಿ ಆರು ಮನೆ ದೂರವಿದೆ. ಹನ್ನೆರಡರ ಅರ್ಧವಾದ್ದರಿಂದ ಯಾವ ಕಡೆಯಿಂದ ಎಣಿಸಿದರೂ ಆರೇ. ಈ ಅಂತರಕ್ಕೆ ಟ್ರೈಟೋನ್ ಎಂದು ಹೆಸರು.

ಈಗ ಏಳಕ್ಕೆ ಆರು ಕೂಡಿಸಿ. ಹದಿಮೂರು. ಹನ್ನೆರಡು ಕಳೆದರೆ ಒಂದು. ಒಂದನೆಯ ಮನೆ ಡಿ ಫ್ಲಾಟ್, ನಮ್ಮ ಶುದ್ಧ ರಿಷಭ. ಅದರ ಮೇಲೆ ಅದೇ ಬಗೆಯ ಕಾರ್ಡ್ ಕಟ್ಟಿದರೆ ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಒತ್ತಡ ಹುಟ್ಟಿಸುವ ಆ ಮಧ್ಯಮ ನಿಷಾದಗಳು ಇಲ್ಲೂ ಇವೆ. ಹಾಗಾಗಿ ಜಿ ಸೆವೆನ್ ಮಾಡುವ ಕೆಲಸವನ್ನು ಡಿ ಫ್ಲಾಟ್ ಸೆವೆನ್ ಕೂಡ ಮಾಡುತ್ತದೆ, ಮನೆಯ ಇನ್ನೊಂದು ಬಾಗಿಲಿನಿಂದ ಒಳಬಂದಂತೆ. ಬೇಸ್ ಗಿಟಾರ್ ಪಂಚಮದಿಂದ ಷಡ್ಜಕ್ಕೆ ಹಾರುವ ಬದಲು ಶುದ್ಧ ರಿಷಭದಿಂದ ಷಡ್ಜಕ್ಕೆ ಒಂದೇ ಮನೆ ಜಾರುತ್ತದೆ. ಜಾಸ್ ನುಡಿಸುವವರು ಇದನ್ನು ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಎನ್ನುತ್ತಾರೆ. ಬದಲಿಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಇದೇ. ಕಂಪ್ಯೂಟರಿಗೆ ಮಾತ್ರ ಇದು ಆರು ಕೂಡಿಸುವ ಲೆಕ್ಕ.

ಇದೊಂದೇ ನಿಯಮವಲ್ಲ. ಸಿ ಮೇಜರಿನ ಬದಲು ಷಡ್ಜ ಗಾಂಧಾರಗಳನ್ನು ಉಳಿಸಿಕೊಂಡು ಪಂಚಮದ ಬದಲು ಧೈವತ ತಂದರೆ ಎ ಮೈನರ್ ಆಗುತ್ತದೆ. ಜಿ ಸೆವೆನ್ ಬರುವ ಮುನ್ನ ಅದರ ಅರ್ಧ ಕಾಲವನ್ನು ಕದ್ದು ಡಿ ಮೈನರ್ ಸೇರಿಸಬಹುದು. ಆ ಡಿ ಮೈನರಿಗೂ ಮುಂಚೆ ಅದರ ಕಡೆಗೆ ತಳ್ಳುವ ಎ ಸೆವೆನ್ ಸೇರಿಸಬಹುದು. ಸೇರಿಸಿದ್ದಕ್ಕೆ ಮತ್ತೆ ಟ್ರೈಟೋನ್ ಬದಲಿ ಹಾಕಬಹುದು. ನಿಯಮ ನಾಲ್ಕೈದೇ ಆದರೂ ಒಂದರ ಮೇಲೊಂದು ಹೇರುತ್ತಾ ಹೋದರೆ ನಾಲ್ಕು ಕಾರ್ಡಿನ ಹಾಡು ಗುರುತು ಸಿಗದಷ್ಟು ದೂರ ಹೋಗುತ್ತದೆ.

ಇದನ್ನೆಲ್ಲ ಮೊದಲ ಸಲ ಕುಳಿತು ಅರ್ಥ ಮಾಡಿಕೊಂಡಾಗ ನನಗೆ ನೆನಪಾದದ್ದು ಶಾಲೆಯ ವ್ಯಾಕರಣದ ಪಾಠ. ಲೋಪ, ಆಗಮ, ಆದೇಶ. ಮಳೆ ಮತ್ತು ಕಾಲ ಸೇರಿದಾಗ ಕಕಾರದ ಜಾಗಕ್ಕೆ ಗಕಾರ ಬಂದು ಮಳೆಗಾಲವಾಗುತ್ತದೆ. ಅದು ಆದೇಶ, ಒಂದರ ಜಾಗದಲ್ಲಿ ಇನ್ನೊಂದು. ಮರ ಎಂಬುದಕ್ಕೆ ಅನ್ನು ಸೇರುವಾಗ ನಡುವೆ ವಕಾರ ಬಂದು ಮರವನ್ನು ಎಂದಾಗುತ್ತದೆ. ಅದು ಆಗಮ, ಇಲ್ಲದ್ದು ಬಂದು ಸೇರಿಕೊಂಡಿತು. ಊರು ಊರು ಸೇರಿ ಊರೂರು ಎಂದಾಗ ನಡುವಿನ ಉಕಾರ ಬಿಟ್ಟುಹೋಯಿತು, ಅದು ಲೋಪ. ಟ್ರೈಟೋನ್ ಬದಲಿ ಆದೇಶ, ಜಿ ಸೆವೆನ್ನಿನ ಮುಂಚೆ ಡಿ ಮೈನರ್ ಸೇರಿಸುವುದು ಆಗಮ, ಕಿಕ್ಕಿರಿದ ಕಾರ್ಡುಗಳಲ್ಲಿ ಕೆಲವನ್ನು ಕೈಬಿಡುವುದು ಲೋಪ. ನಾನು ಈ ಹೋಲಿಕೆಯನ್ನು ಅಂದಕ್ಕೆಂದು ತರುತ್ತಿಲ್ಲ. ಭಾಷೆಯ ವ್ಯಾಕರಣವನ್ನು ಅಧ್ಯಯನ ಮಾಡುವ ಮಾರ್ಕ್ ಸ್ಟೀಡ್‌ಮನ್ 1984ರಲ್ಲಿ ಜಾಸ್ ಕಾರ್ಡುಗಳಿಗೊಂದು ವ್ಯಾಕರಣವನ್ನೇ ಬರೆದರು. ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ಆವರ್ತಗಳ, ಬ್ಲೂಸ್ ಎಂಬ ಸರಳ ಹಂದರವನ್ನು ತೆಗೆದುಕೊಂಡು, ಕೆಲವೇ ನಿಯಮಗಳನ್ನು ಮತ್ತೆ ಮತ್ತೆ ಅನ್ವಯಿಸಿದರೆ ಸಂಗೀತಗಾರರು ನಿಜವಾಗಿ ನುಡಿಸುವ ಹಲವು ರೂಪಗಳು ಅದರಿಂದ ಹೇಗೆ ಹುಟ್ಟುತ್ತವೆಂದು ತೋರಿಸಿದರು.

ನಮ್ಮ ಶಾಲಾ ವ್ಯಾಕರಣದ ಲೋಪಸಂಧಿಗೆ ಮಾತ್ರ ಒಂದು ಷರತ್ತಿತ್ತು. ಸ್ವರದ ಮುಂದೆ ಸ್ವರ ಬಂದಾಗ ಹಿಂದಿನದನ್ನು ಬಿಡಬಹುದು, ಆದರೆ ಅರ್ಥ ಕೆಡದಂತಿದ್ದರೆ ಮಾತ್ರ. ಮನೆ, ಅಲ್ಲಿ ಎಂಬೆರಡನ್ನು ಸೇರಿಸುವಾಗ ಎಕಾರವನ್ನು ಬಿಟ್ಟರೆ ಮನಲ್ಲಿ ಎಂದಾಗುತ್ತದೆ, ಅರ್ಥ ಹೋಯಿತು. ಅದಕ್ಕೇ ಅಲ್ಲಿ ಲೋಪ ಬೇಡ, ಯಕಾರ ತಂದು ಮನೆಯಲ್ಲಿ ಎನ್ನುತ್ತೇವೆ. ಅಕ್ಷರಗಳನ್ನಷ್ಟೇ ನೋಡಿ ಈ ತೀರ್ಮಾನಕ್ಕೆ ಬರಲಾಗದು, ಮಾತಿನ ಅರ್ಥ ಗೊತ್ತಿರಬೇಕು. ಕಾರ್ಡ್ ಬದಲಿಸುವ ಸಾಧನಗಳನ್ನು ಎಷ್ಟೋ ಸಂಜೆ ಬಳಸಿದ ಮೇಲೆ ನನಗೆ ಖಚಿತವಾದದ್ದು ಇದು: ಆದೇಶ, ಆಗಮ, ಲೋಪ ಮೂರನ್ನೂ ಅವು ಚೆನ್ನಾಗಿ ಬಲ್ಲವು. ಆ ಷರತ್ತು ಅವುಗಳ ಬಳಿ ಇಲ್ಲ.

ಉದಾಹರಣೆಗೆ ಮೋಹನ ರಾಗದಲ್ಲಿ ಒಂದು ಸರಳವಾದ ಸಾಲನ್ನು ಹಾಡಿಕೊಳ್ಳಿ. ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತ, ಇವಿಷ್ಟೇ. ಸಾಲಿನ ನಡುವೆ ರಿಷಭದ ಮೇಲೆ ನಿಂತಿದ್ದೀರಿ, ಕೆಳಗೆ ಜಿ ಸೆವೆನ್ ನುಡಿಯುತ್ತಿದೆ. ಆ ರಿಷಭ ಕಾರ್ಡಿನೊಳಗಿನ ಸ್ವರವೇ ಆದ್ದರಿಂದ ಹಾಯಾಗಿದೆ. ಈಗ ಬದಲಿಸು ಎನ್ನಿ. ಕಾರ್ಡುಗಳನ್ನಷ್ಟೇ ನೋಡುವ ಸಾಧನ ಡಿ ಫ್ಲಾಟ್ ಸೆವೆನ್ ತಂದು ಕೊಡುತ್ತದೆ. ನಿಮ್ಮ ಗಂಟಲಲ್ಲಿ ಚತುಶ್ರುತಿ ರಿಷಭ, ಬೇಸ್‌ನಲ್ಲಿ ಶುದ್ಧ ರಿಷಭ. ಎರಡು ರಿಷಭಗಳು ಒಂದೇ ಕ್ಷಣದಲ್ಲಿ ಒಂದನ್ನೊಂದು ಉಜ್ಜುತ್ತವೆ. ಹಾಡುವವರು ಶ್ರುತಿ ತಪ್ಪಿದರೆಂದು ಕೇಳುವವರಿಗೆ ಅನ್ನಿಸುತ್ತದೆ. ತಪ್ಪಿದ್ದು ಹಾಡುವವರಲ್ಲ. ಮನೆ ಅಲ್ಲಿ ಎಂಬುದನ್ನು ಯಾರೋ ಮನಲ್ಲಿ ಎಂದು ಮಾಡಿಟ್ಟಿದ್ದಾರೆ.

ಮೋಹನದ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಅದರ ಐದು ಸ್ವರಗಳೊಳಗೇ ಇದ್ದುಕೊಂಡು ಕಟ್ಟಬಹುದಾದ ಮೇಜರ್, ಮೈನರ್ ಕಾರ್ಡುಗಳು ಎರಡೇ: ಸಿ ಮೇಜರ್ ಮತ್ತು ಎ ಮೈನರ್. ಮೂರನೆಯದಕ್ಕೆ ಕೈಹಾಕಿದರೆ ಹೊರಗಿನ ಸ್ವರ, ಹೆಚ್ಚಾಗಿ ಮಧ್ಯಮವೋ ನಿಷಾದವೋ, ಬಂದೇ ತೀರುತ್ತದೆ. ರಾಗದಲ್ಲಿ ಅವೆರಡೂ ವರ್ಜ್ಯ. ಹಾಗೆಂದು ಬರಲೇಕೂಡದೆಂದು ನಾನು ಹೇಳುವುದಿಲ್ಲ. ಸಿನಿಮಾ ಹಾಡಿನಲ್ಲಿ, ಭಾವಗೀತೆಯಲ್ಲಿ ಅವು ಬಂದು ಹಾಡನ್ನು ಎತ್ತಿದ್ದನ್ನು ಕೇಳಿದ್ದೇವೆ. ಆದರೆ ಬಂದಾಗಲೆಲ್ಲ ಅದು ರಾಗದ ಗೋಡೆಯಲ್ಲಿ ಕಿಟಕಿ ತೆರೆದಂತೆ. ಯಾವ ಮಾತಿನ ಹತ್ತಿರ ತೆರೆಯಬೇಕು ಎಂದು ಯಾರಾದರೂ ಯೋಚಿಸಿರಬೇಕು. ಹಾಗೆ ಯೋಚಿಸಿದವರಲ್ಲಿ ಇಳಯರಾಜಾ ಒಬ್ಬರು. ಅವರು ಸಿನಿಮಾ ಸಂಗೀತದಲ್ಲಿ ಪಳಗಿದ್ದು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಜೊತೆ ಗಿಟಾರ್ ನುಡಿಸುತ್ತಾ, ಅವರಿಗೆ ಸಹಾಯಕರಾಗಿ. ರಾಗದ ಹಾಡಿನ ಕೆಳಗೆ ತನ್ನದೇ ದಾರಿಯಲ್ಲಿ ನಡೆಯುವ ಬೇಸ್ ಸಾಲನ್ನು ಬರೆಯುವ ಇಳಯರಾಜಾ ಅವರ ಕೆಲಸವನ್ನು ಕನ್ನಡದ 'ಗೀತಾ' ಚಿತ್ರದ ಹಾಡುಗಳಲ್ಲಿ, 1981ರಷ್ಟು ಹಿಂದೆಯೇ, ಹೆಡ್‌ಫೋನ್ ಹಾಕಿಕೊಂಡು ಕೇಳಬಹುದು.

ಇಂಥ ಸಾಧನಗಳಲ್ಲಿ ಇನ್ನೊಂದು ಸೌಲಭ್ಯವಿದೆ, ಹಾಡನ್ನು ಒಂದೇ ಏಟಿಗೆ ಜಾಸ್ ಮಾಡುವುದು. ಮೂರು ಸ್ವರದ ಸಾದಾ ಕಾರ್ಡುಗಳಿಗೆಲ್ಲ ಅದು ನಾಲ್ಕನೆಯ ಸ್ವರವನ್ನು ಸೇರಿಸುತ್ತದೆ. ಸಿ ಮೇಜರ್ ಇದ್ದದ್ದು ಸಿ ಮೇಜರ್ ಸೆವೆನ್ ಆಗುತ್ತದೆ, ಅಂದರೆ ಕಾಕಲಿ ನಿಷಾದ ಸೇರುತ್ತದೆ. ಕೇಳಲು ರೇಷ್ಮೆಯಂಥ ಕಾರ್ಡು. ಆದರೆ ಹಾಡು ಷಡ್ಜದ ಮೇಲೆ ಬಂದು ಮುಗಿಯುವಾಗ, ಸಮೀಪದಲ್ಲೇ ಕೆಳಗಿರುವ ನಿಷಾದ ಅದಕ್ಕೆ ಮುಳ್ಳಿನಂತೆ ತಾಗುತ್ತದೆ. ಇದನ್ನು ಬಲ್ಲ ಜಾಸ್ ಪಿಯಾನೊ ವಾದಕರು ಅಲ್ಲಿ ನಿಷಾದವನ್ನು ಬಿಟ್ಟು ಧೈವತ ಹಾಕುತ್ತಾರೆ: ಷಡ್ಜ, ಗಾಂಧಾರ, ಪಂಚಮ, ಧೈವತ. ಅದಕ್ಕೆ ಸಿ ಸಿಕ್ಸ್ ಎಂದು ಹೆಸರು. ಮೇಲೊಂದು ಚತುಶ್ರುತಿ ರಿಷಭ ಕೂಡಿಸಿದರೆ ಸಿಕ್ಸ್ ನೈನ್, ಹಾಡನ್ನು ಮುಗಿಸಲು ಅವರಿಗೆ ಪ್ರಿಯವಾದ ಕಾರ್ಡು. ಆ ಐದು ಸ್ವರಗಳನ್ನು ಇನ್ನೊಮ್ಮೆ ಓದಿ. ಅದು ಮೋಹನವೇ, ಇಡಿಯ ರಾಗವೇ ಒಂದು ಕಾರ್ಡಾಗಿ ನಿಂತಿದೆ. ಹಾಡಿನ ಕೊನೆಯ ಸ್ವರವನ್ನು ಕಾಪಾಡಬೇಕೆಂದು ಅವರು ಕಿವಿಯಿಂದ ಕಂಡುಕೊಂಡ ಪರಿಹಾರವೂ ನಮ್ಮ ರಾಗವೂ ಒಂದೇ ಜಾಗದಲ್ಲಿ ಸೇರುವುದನ್ನು ಕಂಡಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಹಾಡನ್ನೇ ಕೇಳಿಸಿಕೊಂಡು ಕಾರ್ಡ್ ಹಾಕುವ ಸಾಧನಗಳೂ ಇವೆ. ಇಯಾನ್ ಸೈಮನ್, ಡ್ಯಾನ್ ಮಾರಿಸ್, ಸುಮಿತ್ ಬಸು 2008ರಲ್ಲಿ ಮುಂದಿಟ್ಟ ಮೈಸಾಂಗ್ ಅಂಥದ್ದು. ಮರು ವರ್ಷ ಮೈಕ್ರೋಸಾಫ್ಟ್ ಅದನ್ನು ಸಾಂಗ್‌ಸ್ಮಿತ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಮೈಕ್ ಮುಂದೆ ಹಾಡಿದರೆ ಸಾಕು, ಕಾರ್ಡ್ ಅದೇ ಹಾಕಿಕೊಳ್ಳುತ್ತದೆ. ಪ್ರತಿಯೊಂದು ಬಾರ್‌ಗೂ ಅದು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ: ಇಲ್ಲಿ ಹಾಡಿದ ಸ್ವರಗಳಿಗೆ ಯಾವ ಕಾರ್ಡ್ ಹೊಂದುತ್ತದೆ, ಹಿಂದಿನ ಕಾರ್ಡಿನ ನಂತರ ಸಾಮಾನ್ಯವಾಗಿ ಯಾವುದು ಬರುತ್ತದೆ. ಎರಡಕ್ಕೂ ಉತ್ತರ ಅದು ಮೊದಲೇ ಓದಿಕೊಂಡ ಹಾಡುಗಳ ಎಣಿಕೆಯಿಂದ ಬರುತ್ತದೆ. ಎಷ್ಟು ಸಂತೋಷ ಬೇಕು, ಎಷ್ಟು ಜಾಸ್ ಬೇಕು ಎಂದು ಹೇಳಲು ಎರಡು ಜಾರುಗುಂಡಿಗಳಿದ್ದವು. ಪಾಶ್ಚಾತ್ಯ ಸಂಗೀತದ ರಚನಕಾರ ಬಾಖ್ ಹುಟ್ಟಿದ ದಿನದ ನೆನಪಿಗೆ ಗೂಗಲ್ 2019ರ ಮಾರ್ಚ್ 21ರಂದು ತನ್ನ ಮುಖಪುಟದಲ್ಲಿ ಇಟ್ಟ ಆಟ ಇನ್ನಷ್ಟು ಮುಂದುವರಿದದ್ದು. ಎರಡು ಬಾರ್ ಉದ್ದದ ಧಾಟಿ ಬರೆದರೆ ಬಾಖ್‌ನ ರೀತಿಯಲ್ಲಿ ಉಳಿದ ಮೂರು ಕಂಠಗಳನ್ನು ಅದು ತುಂಬಿ ಕೊಡುತ್ತಿತ್ತು. ಬಾಖ್ ನಾಲ್ಕು ಕಂಠಗಳಿಗೆ ಹೊಂದಿಸಿದ 306 ಪ್ರಾರ್ಥನಾಗೀತೆಗಳೇ ಅದರ ಪಾಠ. ಬರೆದದ್ದನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ತಿದ್ದಿಕೊಳ್ಳುವ ಅದರ ಕ್ರಮ ಮನುಷ್ಯರ ಕರಡು ತಿದ್ದುವಿಕೆಯನ್ನು ಹೋಲುತ್ತದೆ.

ಎರಡು ರಿಷಭಗಳ ತಿಕ್ಕಾಟವನ್ನು ಇವು ಬಹುಮಟ್ಟಿಗೆ ತಪ್ಪಿಸುತ್ತವೆ. ಆದರೆ ಇವು ಸ್ವರವನ್ನು ಕೇಳುತ್ತವೆ, ಆ ಸ್ವರದ ಮೇಲೆ ಕೂತ ಮಾತನ್ನು ಕೇಳುವುದಿಲ್ಲ. ಅದೇ ಬಾಖ್‌ನ ಕೃತಿಯನ್ನೇ ನೋಡೋಣ. 1727ರ ಸೇಂಟ್ ಮ್ಯಾಥ್ಯೂ ಪ್ಯಾಶನ್ ಯೇಸುವಿನ ಕೊನೆಯ ದಿನಗಳ ಕಥೆ. ಅದರಲ್ಲಿ ಒಂದೇ ಧಾಟಿ ಐದು ಸಲ ಬರುತ್ತದೆ. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯ ಧಾಟಿ ಅದು, ಆಮೇಲೆ ಚರ್ಚಿನ ಪ್ರಾರ್ಥನೆಯಾಯಿತು. ಮೊದಲೆರಡು ಸಲ ಬಾಖ್ ಕಾರ್ಡುಗಳನ್ನು ಹೆಚ್ಚುಕಡಿಮೆ ಹಾಗೇ ಇಟ್ಟು, ಎರಡನೆಯ ಸಲ ಇಡೀ ಹಾಡನ್ನು ಅರ್ಧ ಸ್ವರ ಕೆಳಗಿಳಿಸುತ್ತಾನೆ. ಕೊನೆಯ ಸಲ ಅದು ಬರುವುದು ಯೇಸು ಪ್ರಾಣ ಬಿಟ್ಟ ಮರುಕ್ಷಣದಲ್ಲಿ. ಸಾಯುವವನೊಬ್ಬ ತನ್ನ ಕೊನೆಯ ಗಳಿಗೆಯಲ್ಲಿ ಜೊತೆ ಬಿಡಬೇಡವೆಂದು ಕೇಳಿಕೊಳ್ಳುವ ಮಾತು ಅಲ್ಲಿದೆ. ಆಗ ಕೆಳಗಿನ ಕಂಠಗಳು ಅರ್ಧರ್ಧ ಸ್ವರ ತಡವರಿಸುತ್ತಾ, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರಂತೆ ಸಾಗುತ್ತವೆ. ಮೇಲಿನ ಧಾಟಿ ಮಾತ್ರ ಸಭೆಗೆ ಬಾಯಿಪಾಠವಾಗಿರುವ ಅದೇ ಹಾಡು. ಬದಲಿಗೆ ಕಾರಣ ಮಾತಿನಲ್ಲಿದೆ, ಕಥೆ ಎಲ್ಲಿಗೆ ಬಂದು ನಿಂತಿದೆ ಎಂಬುದರಲ್ಲಿದೆ. 306 ಗೀತೆಗಳಲ್ಲಿ ಯಾವ ಸ್ವರದ ಕೆಳಗೆ ಯಾವುದು ಬಂತೆಂದು ಕಲಿತ ಯಂತ್ರದ ಮುಂದೆ ಸ್ವರಗಳನ್ನಷ್ಟೇ ಇಟ್ಟರೆ ಈ ಕಾರಣ ಅದಕ್ಕೆ ಎಲ್ಲಿ ಕಾಣಬೇಕು?

ಅರ್ಥವೆಂದರೆ ಸಾಹಿತ್ಯವೇ ಆಗಬೇಕಿಲ್ಲ. ಜಾಸ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1959ರ ಮೇ ತಿಂಗಳಲ್ಲಿ ಧ್ವನಿಮುದ್ರಿಸಿದ ಕೌಂಟ್‌ಡೌನ್ ಎಂಬ ರಚನೆಯಲ್ಲಿ ಒಂದು ಪದವೂ ಇಲ್ಲ. ಟ್ಯೂನ್ ಅಪ್ ಎಂಬ ಹಳೆಯ ರಚನೆಯಲ್ಲಿ ಇ ಮೈನರ್ ಸೆವೆನ್, ಎ ಸೆವೆನ್, ಡಿ ಮೇಜರ್ ಸೆವೆನ್ ಎಂದು ನಾಲ್ಕು ಬಾರ್‌ಗಳಿಗೆ ಮೂರು ಕಾರ್ಡುಗಳಿದ್ದವು. ಅಷ್ಟೇ ಜಾಗದಲ್ಲಿ ಕೋಲ್ಟ್ರೇನ್ ಏಳು ಕಾರ್ಡುಗಳನ್ನು ಕೂರಿಸಿದ. ಸಪ್ತಕವನ್ನು ಮೂರು ಸಮಪಾಲು ಮಾಡಿ, ಡಿ, ಬಿ ಫ್ಲಾಟ್, ಜಿ ಫ್ಲಾಟ್ ಎಂಬ ಮೂರು ಊರುಗಳನ್ನು ಸುತ್ತಿ ಮರಳಿ ಡಿಗೆ ಬರುವ ದಾರಿ ಅದು. ಈ ದಾರಿಯೂ ಲೆಕ್ಕಕ್ಕೆ ಒಗ್ಗುವಂಥದ್ದು, ನಾಲ್ಕು ನಾಲ್ಕು ಮನೆ ಎಣಿಸಿದರಾಯಿತು. ಆದರೆ ಕೋಲ್ಟ್ರೇನ್ ಇದನ್ನು ಹಳೆಯ ಧಾಟಿಗೆ ಅಲಂಕಾರವಾಗಿ ಅಂಟಿಸಲಿಲ್ಲ. ಹೊಸ ಕಾರ್ಡುಗಳಿಗೆ ತಕ್ಕ ಹೊಸ ಧಾಟಿ ಬರೆದು, ಅವುಗಳ ಮೇಲೆ ಓಡಲು ತನ್ನ ಬೆರಳುಗಳನ್ನೂ ಉಸಿರನ್ನೂ ತಿಂಗಳುಗಟ್ಟಲೆ ಪಳಗಿಸಿದ. ಕೌಂಟ್‌ಡೌನ್ ಇರುವ ಆಲ್ಬಮ್ಮಿನದೇ ಆದ ಜೈಂಟ್ ಸ್ಟೆಪ್ಸ್ ರಚನೆಯಲ್ಲಿ ಪಿಯಾನೊ ನುಡಿಸಿದ ಟಾಮಿ ಫ್ಲ್ಯಾನಗನ್ ಒಳ್ಳೆಯ ವಾದಕ. ಆತನ ಸರದಿ ಬಂದಾಗ ಆ ಕಾರ್ಡುಗಳ ನಡುವೆ ನುಡಿ ಅಲ್ಲಲ್ಲಿ ನಿಂತು ನಿಂತು ಸಾಗುವುದು ಇವತ್ತಿಗೂ ಕೇಳಿಸುತ್ತದೆ. ಕಾರ್ಡುಗಳ ಹೆಸರು ಕಾಗದದ ಮೇಲಿದ್ದರೆ ಸಾಲದು, ಅವು ಮೈಗೆ ಇಳಿದಿರಬೇಕು. ಹೀಗೆ ಕಾರ್ಡುಗಳನ್ನು ಕಿಕ್ಕಿರಿಸಿದ ಇದೇ ಕೋಲ್ಟ್ರೇನ್ 1960ರ ಅಕ್ಟೋಬರಿನಲ್ಲಿ ಮೈ ಫೇವರಿಟ್ ಥಿಂಗ್ಸ್ ಧ್ವನಿಮುದ್ರಿಸುವ ಹೊತ್ತಿಗೆ, ಒಂದೆರಡು ಕಾರ್ಡುಗಳನ್ನೇ ಬಹಳ ಹೊತ್ತು ಹಿಡಿದುಕೊಂಡು ಅವುಗಳ ಮೇಲೆ ರಾಗದಂತೆ ವಿಸ್ತರಿಸುತ್ತಾ ಹೋಗುವ ದಾರಿಗೆ ಬಂದಿದ್ದ. ಬದಲಿಸಬಲ್ಲವನಿಗೇ ಬದಲಿಸದಿರುವ ಆಯ್ಕೆಯೂ ಇರುತ್ತದೆ.

ಇಷ್ಟೆಲ್ಲ ಹೇಳಿ ಈ ಸಾಧನಗಳನ್ನು ದೂರವಿಡಿ ಎಂದು ನಾನು ಹೇಳಲಾರೆ. ಸಣ್ಣ ಊರಿನಲ್ಲಿ ಕೀಬೋರ್ಡ್ ಕಲಿಯುವ ಹುಡುಗಿಗೆ ಜಾಸ್ ಹೇಳಿಕೊಡುವವರು ಸಿಗುವುದು ಕಷ್ಟ. ಟ್ರೈಟೋನ್ ಬದಲಿ ಎಂಬ ಪದವನ್ನು ಪುಸ್ತಕದಲ್ಲಿ ಓದಿದರೆ ಏನೂ ಕೇಳಿಸದು. ಸಾಧನ ಅದನ್ನು ಆ ಕ್ಷಣವೇ ನುಡಿಸಿ ತೋರಿಸುತ್ತದೆ, ನೂರು ಸಲ ಕೇಳಿದರೂ ಬೇಸರಿಸುವುದಿಲ್ಲ. ನನ್ನ ಕಿವಿಯೂ ತೆರೆದದ್ದು ಹೀಗೇ. ಒಂದು ಅಭ್ಯಾಸವನ್ನು ಮಾತ್ರ ಬಿಡದೆ ಇಟ್ಟುಕೊಂಡಿದ್ದೇನೆ: ಇಡೀ ಹಾಡನ್ನು ಒಮ್ಮೆಗೇ ಬದಲಿಸುವ ಗುಂಡಿಯನ್ನು ಒತ್ತುವುದಿಲ್ಲ. ಒಂದು ಸಲಕ್ಕೆ ಒಂದೇ ಕಾರ್ಡನ್ನು ಬದಲಿಸಿ, ಅದರ ಮೇಲೆ ಹಾಡನ್ನು ಮಾತಿನ ಸಮೇತ ಬಾಯಿಬಿಟ್ಟು ಹಾಡುತ್ತೇನೆ. ಕೇಳುವಾಗ ಚಂದವೆನಿಸಿದ ಬದಲಿಗಳಲ್ಲಿ ಅರ್ಧಕ್ಕರ್ಧ, ಹಾಡುವಾಗ ಗಂಟಲಿಗೆ ಒಪ್ಪಿಗೆಯಾಗುವುದಿಲ್ಲ. ಅವನ್ನು ಆಗಲೇ ಅಳಿಸುತ್ತೇನೆ. ತಂಬೂರಿಯ ಶ್ರುತಿ ಹಾಕಿಕೊಂಡಿದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ, ಏಕೆಂದರೆ ಷಡ್ಜ ಪಂಚಮಗಳು ಒಂದೇ ಸಮನೆ ಮಿಡಿಯುತ್ತಿರುವಾಗ ಹೆಚ್ಚಿನ ಬದಲಿಗಳು ನಿಲ್ಲುವುದೇ ಇಲ್ಲ. ಬದಲಿಯ ಇಡೀ ಶಾಸ್ತ್ರ ಬೆಳೆದದ್ದು ಶ್ರುತಿಯಿಲ್ಲದ ಸಂಗೀತದಲ್ಲಿ. ಕೆಳಗಿನ ನೆಲ ಯಾವಾಗ ಬೇಕಾದರೂ ಸರಿಯಬಹುದೆಂಬ ಒಪ್ಪಂದ ಅಲ್ಲಿದೆ. ನಮ್ಮಲ್ಲಿ ಕದಲದಿರುವುದೇ ನೆಲದ ಕೆಲಸ.

ಹೀಗೆ ಒಂದೊಂದನ್ನೇ ಹಾಡಿ ನೋಡುತ್ತಿದ್ದಾಗ ಸಿಕ್ಕ ಒಂದು ಸಂಗತಿಯನ್ನು ಹೇಳಲೇಬೇಕು. ಮೇಲೆ ಲೆಕ್ಕ ಹಾಕಿದ ಡಿ ಫ್ಲಾಟ್ ಸೆವೆನ್ನಿನ ಸ್ವರಗಳು ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಅದು ಮರಳಿ ಸೇರುವ ಸಿ ಮೇಜರಿನ ಸ್ವರಗಳು ಷಡ್ಜ, ಅಂತರ ಗಾಂಧಾರ, ಪಂಚಮ. ನಾಲ್ಕು ಮತ್ತು ಮೂರು, ಒಟ್ಟು ಏಳು. ಒಂದೂ ಪುನರಾವರ್ತನೆಯಾಗದೆ, ಒಂದೂ ಬಿಟ್ಟುಹೋಗದೆ, ಅವು ಮಾಯಾಮಾಳವಗೌಳದ ಏಳು ಸ್ವರಗಳು. ಪುರಂದರದಾಸರು ಮೊದಲ ಪಾಠಕ್ಕೆಂದು ಆರಿಸಿದರೆಂದು ಪರಂಪರೆ ನಂಬುವ, ಕರ್ನಾಟಕ ಸಂಗೀತ ಕಲಿಯುವ ಪ್ರತಿಯೊಂದು ಮಗುವೂ ಸರಳೆ ಹಾಡುವ ರಾಗ. ಮೂಲವೆಂದು ಸಾಧನ ಕರೆಯುವ ಜಿ ಸೆವೆನ್ ಇಲ್ಲಿ ಹೊರಗಿನದು, ಅದರಲ್ಲಿರುವ ಚತುಶ್ರುತಿ ರಿಷಭ ಈ ರಾಗಕ್ಕೆ ಸೇರಿದ್ದಲ್ಲ. ಬದಲಿಯೆಂದು ಅದು ಪಟ್ಟಿಯಲ್ಲಿ ಕೆಳಗಿಡುವ ಕಾರ್ಡೇ ಈ ರಾಗದ ಮನೆಮಗ. ಇದು ಯಂತ್ರದ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕೆ ಕಲಿಸಿದವರ ನೆಲದಲ್ಲಿ ಶಂಕರಾಭರಣದಂಥ ಮೇಜರ್ ಸ್ವರಶ್ರೇಣಿಯೇ ಮೊದಲ ಪಾಠ. ಯಾವುದು ಮೂಲ, ಯಾವುದು ಬದಲಿ ಎಂಬುದು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಆದರೂ ಈ ಕಾರ್ಡನ್ನು ಹಾಗೇ ತಂದು ಸರಳೆಯ ಕೆಳಗಿಟ್ಟರೆ ಕೆಲಸ ಮುಗಿಯಲಿಲ್ಲ. ಬೇಸ್‌ನಲ್ಲಿ ಶುದ್ಧ ರಿಷಭ ಬಂದಾಗ ತಂಬೂರಿಯ ಷಡ್ಜಕ್ಕೆ ಅದು ಅಡ್ಡ ಬರುತ್ತದೆ. ಜೊತೆಗೆ, ಪಳಗಿದ ಗಾಯಕರು ಈ ರಾಗದ ರಿಷಭವನ್ನು ಕೀಬೋರ್ಡಿನ ಕಪ್ಪು ಒಂದರಂತೆ ನೆಟ್ಟಗೆ ನಿಲ್ಲಿಸುವುದಿಲ್ಲ, ಗಮಕ ಕೊಟ್ಟು ತೂಗುತ್ತಾರೆ. ಕೆಳಗೆ ಅಲುಗದ ರಿಷಭ, ಮೇಲೆ ತೂಗುವ ರಿಷಭ, ಎರಡಕ್ಕೂ ಹೊಂದುವುದಿಲ್ಲ. ಹಲವು ಸಂಜೆ ಪ್ರಯತ್ನಿಸಿದ ಮೇಲೆ ನಾನು ಮಾಡಿದ್ದು ಲೋಪ. ಕಾರ್ಡಿನಿಂದ ರಿಷಭವನ್ನೇ ತೆಗೆದುಬಿಟ್ಟೆ. ಎಡಗೈಯಲ್ಲಿ ನಿಷಾದ, ಮಧ್ಯಮ, ಧೈವತ ಮಾತ್ರ, ಮೆಲ್ಲಗೆ. ಬೇಸ್ ನಿಷಾದದಿಂದ ಷಡ್ಜಕ್ಕೆ ಹತ್ತುತ್ತದೆ. ಕಾರ್ಡು ಅರ್ಧಕ್ಕೆ ನಿಂತು ಕಾಯುತ್ತಿರುವಂತೆ ಕೇಳಿಸುತ್ತದೆ. ಅಷ್ಟರಲ್ಲಿ ಹಾಡುವವರು ರಿಷಭಕ್ಕೆ ಬರುತ್ತಾರೆ, ಅದನ್ನು ತಮ್ಮ ರೀತಿಯಲ್ಲೇ ತೂಗುತ್ತಾರೆ, ನಾಲ್ಕನೆಯ ಸ್ವರ ಅವರ ಗಂಟಲಿನಿಂದ ಬಂದು ಸೇರುತ್ತದೆ.